ಬಲಗಾಲಿನ ಭಾರ

ಮಿಲ್ಡೂರಾದಲ್ಲಿ ಜನವರಿ. ನಲವತ್ತಾರು ಡಿಗ್ರಿಯ ನಾಲ್ಕನೆಯ ದಿನ.
ಕ್ಲಬ್ಬಿನ ತಗಡು ಛಾವಣಿ ಕತ್ತಲಲ್ಲೂ ಟಿಕ್ ಟಿಕ್ ಎನ್ನುತ್ತದೆ,
ಬಿಸಿ ಇಳಿಯುವ ಸದ್ದು.
ನಾಲ್ಕೂವರೆಗೇ ಬಂದು ನಿಂತಿದ್ದಾನೆ ವರ್ನನ್ ಹ್ಯಾಸ್ಲಮ್,
ಬೌಲ್ಸ್ ಅಂಗಳದ ಅಂಚಿನಲ್ಲಿ, ಬೂಟು ಕಳಚಿ.
ಅವನ ಕೈಕೆಳಗೆ ನಾನು ಹೊಸಬ;
ಕೊಳವೆಯ ಸುರುಳಿ ಹೆಗಲಿಗೇರಿಸಿ ಹಿಂದೆ.

"ಅಲಗು ಮೇಲಕ್ಕೇರಿಸು. ಪಂದ್ಯ ಹೋದರೆ ಹೋಗಲಿ,
ಬೋಳಿಸಿದ ತಲೆಗೆ ಬಿಸಿಲು ಬೇಗ ತಾಗುತ್ತದೆ"
ಎಂದು ತನ್ನ ತಲೆಯನ್ನೇ ಸವರಿಕೊಳ್ಳುತ್ತಾನೆ.
ಗೊಬ್ಬರದ ಕೋಣೆಗೆ ಮಾರ್ಚಿನವರೆಗೂ ಬೀಗ:
ಜ್ವರ ಬಂದವನಿಗೆ ಹಬ್ಬದೂಟ ಯಾರು ಬಡಿಸುತ್ತಾರೆ?
ನೀರು ಬಿಟ್ಟಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡುತ್ತಾನೆ,
ಕೇಕು ಬೆಂದಿತೇ ಎಂದು ಕಡ್ಡಿ ಚುಚ್ಚುವ ಹಾಗೆ.
ಹಿಡಿಯವರೆಗೆ ಇಳಿಯಬೇಕು. ಇಳಿಯದಿದ್ದರೆ
ಬೇರು ಮೇಲುಮೇಲೇ ಸುತ್ತಾಡುತ್ತದೆ, ಸೋಮಾರಿ,
ಬಾಗಿಲಲ್ಲೇ ತುತ್ತಿಗೆ ಕಾದು.

ಇವತ್ತು ಟಾರ್ಚು ಓರೆಯಾಗಿ ಹಿಡಿದ.
"ನೋಡು."

ಗರಿಕೆಯ ಮೇಲೆ ಹೆಜ್ಜೆಗಳು.
ನೀರುಂಡ ಹುಲ್ಲಾದರೆ ತುಳಿದವರನ್ನು ಮರೆತು
ಆಗಲೇ ಎದ್ದು ನಿಲ್ಲುತ್ತಿತ್ತು. ಬಾಯಾರಿದ್ದು
ಮಲಗಿಯೇ ಇರುತ್ತದೆ, ಸಾಕ್ಷಿ ಹೇಳುತ್ತ.

ಬೇಲಿಯ ಸಂದಿಯಿಂದ ಮೂಲೆಯ ನಲ್ಲಿಗೆ ಹೋದದ್ದು ಹಗುರ.
ನಲ್ಲಿಯಿಂದ ಬೇಲಿಗೆ ಬಂದದ್ದು ಬಲಗಡೆ ಆಳ,
ಏಳೆಂಟು ಹೆಜ್ಜೆಗೊಮ್ಮೆ ಒಂದು ದುಂಡನೆಯ ಅಚ್ಚು:
ಬಕೆಟು ಇಳಿಸಿ ಉಸಿರು ತೆಗೆದುಕೊಂಡ ಜಾಗ.
"ವಯಸ್ಸಾದವಳು" ಎಂದ ವರ್ನನ್. "ಸೊಂಟ ನೋವು."

ಬೇಲಿಯಾಚೆ ಇಣುಕಿದೆವು.
ಬೀದಿಯುದ್ದಕ್ಕೂ ಮನೆಯಂಗಳಗಳು ಬ್ರೆಡ್ಡಿನ ಅಂಚಿನ ಬಣ್ಣ;
ಕಟ್ಟಳೆ ಬಂದು ಆರು ವಾರ, ಯಾರೂ ಕೊಳವೆ ಹಿಡಿಯುವಂತಿಲ್ಲ.
ಪರವಾನಗಿ ನಮಗೆ ಮಾತ್ರ,
ಚೆಂಡು ಉರುಳಬೇಕಲ್ಲ.
ಮಿಸೆಸ್ ಒಟವೇಯ ಹಿತ್ತಿಲಲ್ಲಿ, ಬಟ್ಟೆ ಒಣಗಿಸುವ ತಂತಿಯ ಕೆಳಗೆ
ಒಂದು ಚಾಪೆಯಷ್ಟು ಹಸಿರು.
ಅದರ ಮೇಲೆ ಓಟದ ದಿನ ಮುಗಿಸಿದ ಮುದಿ ಗ್ರೇಹೌಂಡ್
ಹೊಟ್ಟೆ ಚಾಚಿ ಮಲಗಿದೆ,
ಪಕ್ಕೆಲುಬು ಏರಿ, ಇಳಿದು, ಏರಿ.

ಕಮಿಟಿಗೆ ಹೇಳಬೇಕೇ ಎಂದೆ.
ಅವನಿಗೆ ಕೇಳಿಸಲಿಲ್ಲ. ಆ ಚಾಪೆಯನ್ನೇ ನೋಡುತ್ತಿದ್ದ,
ವೈದ್ಯ ನಾಲಿಗೆ ನೋಡುವ ಹಾಗೆ.
ಅಂಚಿನಲ್ಲಿ ಬೂದು ಮಚ್ಚೆ ಕಂಡಿತೇನೋ, ಲೊಚ್ಚೆಂದ.

ಆಮೇಲೆ ನೀರು ಬಿಟ್ಟೆವು, ನಡುವೆ ಇಟ್ಟ
ಖಾಲಿ ಮೀನಿನ ಡಬ್ಬಿ ಅರ್ಧ ತುಂಬುವವರೆಗೆ.
ಬೆಳಕಾಗುವಷ್ಟರಲ್ಲಿ ಹೆಜ್ಜೆಗಳು
ಒಂದೊಂದಾಗಿ ಎದ್ದು ಹೋದವು, ಬಕೆಟಿನ ಅಚ್ಚು ಕೊನೆಗೆ.

ಸ್ಕೋರು ಬರೆಯುವ ಹಾಳೆ ಹರಿದು
ನಲ್ಲಿಯ ಕುತ್ತಿಗೆಗೆ ಕಟ್ಟಿದ:
"ರಾತ್ರಿ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ.
ಬೆಳಗಿನ ಐದಕ್ಕೆ ಬನ್ನಿ, ಗೇಟು ತೆಗೆದಿರುತ್ತದೆ.
ಸಣ್ಣ ಬಕೆಟು ತನ್ನಿ, ಎರಡು ಸಲ ನಡೆದರಾಯಿತು."

ಸಹಿ ಹಾಕಲಿಲ್ಲ. ಹತ್ತು ಹೆಜ್ಜೆ ಹೋದವನು ತಿರುಗಿ ಬಂದು,
ಪೆನ್ಸಿಲ್ ನಾಲಿಗೆಗೆ ತಾಗಿಸಿ, ಕೆಳಗೆ ಇನ್ನೊಂದು ಸಾಲು:
"ದಿನಕ್ಕೊಂದು ದಾರಿ ಹಿಡಿಯಿರಿ.
ಒಂದೇ ಕಡೆ ತುಳಿದರೆ ಹುಲ್ಲು ಸಾಯುತ್ತದೆ."