ಮೂರು ಸಲ ದುಡಿದ ನೀರು

ನಸುಕಿನ ನಾಲ್ಕು ಹತ್ತಕ್ಕೆ ನಳ ಕೆಮ್ಮುತ್ತದೆ.
ಮೊದಲು ಗಾಳಿ, ಆಮೇಲೆ ತುಕ್ಕು, ಆಮೇಲೆ
ತಾನ್ಸಾದಿಂದ ಕತ್ತಲಲ್ಲೇ ನಡೆದು ಬಂದ ನೀರು.
ಭಾಂಡುಪಿನ ಗುಡ್ಡದ ಚಾಳು, ಕೊನೆಯ ಖೋಲಿ.
ಆ ಕೆಮ್ಮಿಗೆ ಮೂವತ್ತೊಂದು ವರ್ಷ ಎದ್ದವಳು
ನಮ್ಮತ್ತೆ ಹೌಸವ್ವ.

ಅಕ್ಕಿ ತೊಳೆದದ್ದು ಪಾತ್ರೆಗೆ,
ಪಾತ್ರೆಯದು ಹೊಸ್ತಿಲಿಗೆ,
ಹೊಸ್ತಿಲು ದಾಟಿದ್ದು ಡಾಲ್ಡಾ ಡಬ್ಬಿಯ ಕರಿಬೇವಿಗೆ.
"ಮೂರು ಸಲ ದುಡೀಲಾರದ ನೀರು
ಅದೆಂಥಾ ನೀರ ತಗೀ" ಅನ್ನುತ್ತಿದ್ದಳು.
ನಾನು ಬಿ.ಎಸ್ಸಿ. ಓದಿದವಳು. ನಗುತ್ತಿದ್ದೆ.

ನನ್ನ ಕೆಲಸ ಗುಡ್ಡದ ಕೆಳಗೆ,
ರೈಲು ಹಳಿ ದಾಟಿ, ಹೈವೇ ದಾಟಿ,
ಉಪ್ಪಿನ ಗದ್ದೆ ಮುಗಿದು ಕಾಂಡ್ಲಾ ಗಿಡ ಶುರುವಾಗುವಲ್ಲಿ.
ಊರಿನ ಹೊಲಸೆಲ್ಲ ಬಂದು ತಂಗುವ ಕೊಳಗಳು;
ದಂಡೆಯ ಮೇಲೊಂದು ಪ್ರಯೋಗಶಾಲೆ, ಕೆಟ್ಟ ಫ್ಯಾನು.
ಬಾಟಲಿಗೆ ಊರನ್ನು ತುಂಬಿ ಚೀಟಿ ಅಂಟಿಸುತ್ತೇನೆ.
ಅಮೋನಿಯಾ ಇಷ್ಟು. ಫಾಸ್ಫೇಟ್ ಇಷ್ಟು.
ಹದಿನೆಂಟನೇ ಮಾಳಿಗೆಯ ತೊಗರಿಬೇಳೆಯೂ
ನಮ್ಮ ಖೋಲಿಯ ತೊಗರಿಬೇಳೆಯೂ
ಇಲ್ಲಿಗೆ ಬಂದಾಗ ಒಂದೇ ಸಾರಜನಕ;
ಯಾರ ಮನೆಯದೆಂದು ಬರೆಯಲು ನನ್ನ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.

ಅದಕ್ಕೂ ಮೊದಲು ಅದು ಬರೀ ಗಾಳಿ.
ಅಕ್ಕಲಕೋಟೆಯ ಕಡೆ, ಯಾರದೋ ಎರೆ ಹೊಲದಲ್ಲಿ,
ತೊಗರಿಯ ಬೇರಿನ ಗಂಟಿನೊಳಗೆ ಕೂತ
ಕಣ್ಣಿಗೆ ಕಾಣದ ಕೂಲಿಗಳು
ಹಾದುಹೋಗುವ ಗಾಳಿಯ ಸೆರಗು ಹಿಡಿದೆಳೆದು
ಕಾಳಿನೊಳಗೆ ಕಟ್ಟಿಟ್ಟರು.
ಕುಕ್ಕರು ಮೂರು ಸೀಟಿ ಹೊಡೆಯಿತು.
ನಾವು ಉಂಡೆವು, ಬೆಳೆದೆವು, ಜಗಳಾಡಿದೆವು,
ಮಿಕ್ಕದ್ದು ಮೋರಿಗೆ.

ದೋಣಿಯ ವಾಮನ ಪಾಗಧರೆ ಹೇಳುತ್ತಾನೆ,
"ಬಾಯಿ, ನಿಮ್ಮ ಬಾಟಲಿಯಲ್ಲಿರೋದೇ ಇವುಗಳ ಊಟ."
ಖಾಡಿಯ ಕೆಸರಿನ ತುಂಬ ಫ್ಲೆಮಿಂಗೊ,
ತಲೆ ಕೆಳಗು ಮಾಡಿ ಜರಡಿ ಹಿಡಿಯುವ ಕೊಕ್ಕು.
ಹೊಲಸು ಉಂಡು ಪಾಚಿ, ಪಾಚಿ ಉಂಡು ಹಕ್ಕಿ,
ಪಾಚಿಯೊಳಗಿನ ಬಣ್ಣ ರೆಕ್ಕೆಗೇರಿ ಗುಲಾಬಿ.
ಕ್ಯಾಮೆರಾದವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು
ಆಹಾ ಅನ್ನುತ್ತಾರೆ.
ಎರಡಕ್ಕೂ ಕಾರಣ ಒಂದೇ, ಯಾರೂ ಅವರಿಗೆ ಹೇಳುವುದಿಲ್ಲ.

ಮಾಘದಲ್ಲಿ ಅತ್ತೆ ಹೋದಳು.
ಪಂಢರಪುರಕ್ಕೆ ಒಯ್ಯೋಣ ಎಂದರು ಇವರು.
ಆಕೆ ಮೊದಲೇ ಹೇಳಿಟ್ಟಿದ್ದಳು:
"ಅಷ್ಟು ದೂರ ಯಾಕ? ಬಸ್ಸಿನ ರೊಕ್ಕ ಉಳೀತದ."
ಭರತ ಏರುವ ಹೊತ್ತು, ವಾಮನನ ದೋಣಿ.
ಮಡಕೆಯಲ್ಲಿ ಮೂರು ಬೊಗಸೆ.
ಎಲುಬು ಕೂಡಲೇ ಮುಳುಗಿತು.
ಬೂದಿ ಒಂದಷ್ಟು ತೇಲಿ, ಹುಟ್ಟಿಗೆ ಮೆತ್ತಿಕೊಂಡಿತು;
ಅವನು ಒರೆಸಲಿಲ್ಲ.

ಮರುದಿನ ಅದೇ ಖಾಡಿಯ ಬಾಯಲ್ಲಿ ಬಾಟಲಿ ತುಂಬಿದೆ.
ಎಲುಬೆಂದರೆ ಫಾಸ್ಫೇಟು. ಯಾರಿಗೂ ಹೇಳದೆ
ಎರಡು ಸಲ ಪರೀಕ್ಷೆ ಮಾಡಿದೆ.
ಹಿಂದಿನ ವಾರ ಎಷ್ಟಿತ್ತೋ ಅಷ್ಟೇ ಇತ್ತು.
ಇಷ್ಟು ದೊಡ್ಡ ಖಾಡಿಗೆ ಮೂರು ಬೊಗಸೆ ಏನೂ ಅಲ್ಲ,
ನನಗೆ ಗೊತ್ತು, ಲೆಕ್ಕ ನನ್ನದೇ.
ಈ ವರ್ಷ ಹಕ್ಕಿಗಳು ಹೆಚ್ಚು ಗುಲಾಬಿಯಾಗಿವೆ
ಎಂದು ಬರೆಯಲಾರೆ.
ಸುಳ್ಳು ಬರೆಯದಿರುವುದಕ್ಕೆ ನನಗೆ ಸಂಬಳ.

ಜ್ಯೇಷ್ಠದಲ್ಲಿ ಕೊನೆಯ ಹಿಂಡು ಎದ್ದು ಹೋಯಿತು.
ಮೋಡ ಬಂತು, ಖಾಡಿಯ ಮೇಲಿಂದಲೇ,
ಗುಡ್ಡ ಹತ್ತಿ, ನಮ್ಮ ತಗಡು ಬಡಿದು,
ತಾನ್ಸಾದ ದಿಕ್ಕಿಗೆ.

ನಾಲ್ಕು ಹತ್ತು. ನಳ ಕೆಮ್ಮಿತು. ನಾನೆದ್ದೆ.
ಅಕ್ಕಿ ತೊಳೆದೆ, ಪಾತ್ರೆ ತೊಳೆದೆ,
ಹೊಸ್ತಿಲಿಗೆ ಬಗ್ಗಿದಾಗ ಬೊಗಸೆಯ ನೀರಿಗೆ
ಇದು ಎಷ್ಟನೆಯ ದುಡಿಮೆ ಅಂತ ಕೇಳಬೇಕೆನಿಸಿತು.
ಕೇಳಲಿಲ್ಲ. ಏಳೂ ಐದರ ಲೋಕಲ್ಲಿಗೆ ಮಗನ ಡಬ್ಬಿ ಆಗಬೇಕು.
ಕರಿಬೇವಿಗೆ ಹುಳ ಬಿದ್ದಿದೆ; ಎಲೆಗಳಲ್ಲಿ ಅರ್ಧ ಅದರದ್ದು.
ಉಳಿದರ್ಧ ಕಿತ್ತು ಒಗ್ಗರಣೆಗೆ ಹಾಕಿದೆ.