ಸ್ಕ್ವೆಲ್ಚ್ ಅಂದರೆ

ಬೈತಖೋಲ ಧಕ್ಕೆಯಲ್ಲಿ, ಐಸ್ ಪ್ಲಾಂಟಿನ ಹಿಂಬದಿಗೆ
ನನ್ನ ಅಂಗಡಿ. ಬಾಗಿಲಲ್ಲಿ ಕೂತರೆ ಮೀನಿಗಿಂತ ಮೊದಲು
ಡೀಸೆಲ್ಲು ಮೂಗಿಗೆ ಬರುತ್ತದೆ.
ಬೋಟುಗಳ ವೈರ್‌ಲೆಸ್ಸು ಬಿಚ್ಚುತ್ತೇನೆ, ಉಪ್ಪು ಹಿಡಿದ ತಂತಿ ಕೆರೆದು
ಬೆಸುಗೆ ಹಾಕಿ ಮುಚ್ಚುತ್ತೇನೆ.

ತಾಂಡೇಲ ಪುಂಡಲೀಕ ಬಂದು ಕೇಳಿದ:
'ಬಾಯೀ, ಒಂದು ಗುಬಟು ದನಿಗೆ, ಒಂದು ಚಾನೆಲ್ಲಿಗೆ,
ಈ ಮೂರನೇದು ಯಾತಕ್ಕೆ?
ಎಸ್ ಕ್ಯೂ ಅಂತ ಬರೆದದ್ದು ಯಾವ ದೇವರ ಹೆಸರು?'

ಸ್ಕ್ವೆಲ್ಚ್, ಅಂದೆ.
ನಾಲಿಗೆ ಮೇಲೆ ಹೊರಳಿಸಿ ನೋಡಿದ,
ಮೀನಿನ ಮುಳ್ಳು ಸಿಕ್ಕ ಹಾಗೆ ಉಗುಳಿದ.

ಮುಳ್ಳೇ ಹೌದು. ಇದಕ್ಕೊಂದು ಕನ್ನಡ ಹುಡುಕಿ ಸೋತವಳು ನಾನು.
ಅಡಗಿಸು ಅಂದರೆ ಪೊಲೀಸರ ಮಾತಾಯಿತು,
ಸೋಸು ಅಂದರೆ ಚಹಾ.
ಕೆಲಸ ಕಲಿಸಿದ ಮಾಬ್ಲು ಮೇಸ್ತರ ಹಳೇ ಡಿಕ್ಷನರಿಯಲ್ಲಿ
ರೇಡಿಯೋ ಇರಲೇ ಇಲ್ಲ. ಇದ್ದದ್ದು,
ಕೆಸರಲ್ಲಿ ಹೂತ ಕಾಲು ಕೀಳುವಾಗಿನ ಸದ್ದು.
ಪಚಕ್!
ಅದು ನನಗೆ ಗೊತ್ತಿದ್ದದ್ದೇ. ಕಾಳಿ ನದಿಗೆ ಇಳಿತ ಬಿದ್ದಾಗ
ಅವ್ವನ ಹಿಂದೆ ಬಳಚು ಹೆಕ್ಕಲು ಹೋಗಿ
ಮೊಣಕಾಲ ಮಟ ಹೂತು, ಕಿತ್ತು, ಹೂತು,
ಬಾಲ್ಯವಿಡೀ ಆ ಶಬ್ದದ ಮೇಲೆಯೇ ನಡೆದವಳು.

ಸೆಟ್ಟಿನದು ಬೇರೆ, ಕೇಳು:
ಯಾರೂ ಮಾತಾಡದಾಗಲೂ ಗಾಳಿ ಸುಮ್ಮನಿರುವುದಿಲ್ಲ.
ಕಾದ ಎಣ್ಣೆಗೆ ಬಂಗುಡೆ ಬಿಟ್ಟಂತೆ ಚೊರ್ ಅನ್ನುತ್ತಲೇ ಇರುತ್ತದೆ,
ದೂರದ ಮಿಂಚು, ಎಂಜಿನ್ನಿನ ಕಿಡಿ, ಸೆಟ್ಟಿನ ಸ್ವಂತ ನರಳಿಕೆ.
ಅದಕ್ಕೊಂದು ಹೊಸ್ತಿಲು ಕಟ್ಟುವುದು ಈ ಗುಬಟು.
ದಾಟಬಲ್ಲ ದನಿ ಒಳಗೆ, ಉಳಿದದ್ದು ಹೊರಗೆ.
ಎಡಕ್ಕೆ ಪೂರ್ತಿ ತಿರುಗಿಸು. ಚೊರ್.
ಈಗ ಬಲಕ್ಕೆ, ಮೆಲ್ಲಗೆ, ಇನ್ನೂ ಮೆಲ್ಲಗೆ,
ಸದ್ದು ಸತ್ತಿತಲ್ಲ, ಅಲ್ಲೇ.
ಕೂದಲಿನಷ್ಟೂ ಮುಂದೆ ಬೇಡ.

'ಮುಂದೆ ಹೋದರೆ?'

ಹೋದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಹಾಗೆ ಹೇಳಬಾರದಿತ್ತು.
ಧಕ್ಕೆಗೆಲ್ಲ ಗೊತ್ತು. ದೇವಗಡದ ದೀಪದಾಚೆ ಒಂದು ರಾತ್ರಿ
ಇವನ ಭಾವ ಶಾಣೂನ ದೋಣಿ
ಎಂಜಿನ್ ನಿಂತು, ಬ್ಯಾಟರಿ ಬತ್ತಿ,
ಹದಿನಾರನೇ ಚಾನೆಲ್ಲಿನಲ್ಲಿ ಕರೆದದ್ದೇ ಕರೆದದ್ದು,
ಆಯ್ಕತಾ ರೇ? ಆಯ್ಕತಾ?
ಸುತ್ತ ಇಪ್ಪತ್ತೆರಡು ಬೋಟು. ಎಲ್ಲರ ಮೂರನೇ ಗುಬಟೂ
ಬಲಕ್ಕೆ, ಕಡೆಯ ಮೊಳೆಯವರೆಗೆ.
ಬಲೆ ಎಳೆದು ಬಂದ ಮೈ ಚೊರ್ ಸಹಿಸದು,
ತಪ್ಪು ಅನ್ನಲಾರೆ.
ಕೇಳಿದ್ದು ಮಾಜಾಳಿಯ ಇನಾಸನೊಬ್ಬನಿಗೆ.
ಅವನ ಗುಬಟು ಮುರಿದು ಎಡಕ್ಕೇ ಸಿಕ್ಕಿಬಿದ್ದಿತ್ತು,
ದುರಸ್ತಿಗೆ ಮುನ್ನೂರು ಹೇಳಿದ್ದೆ, ಜಾಸ್ತಿಯಾಯಿತು ಅಂದಿದ್ದ.
ರಾತ್ರಿಯಿಡೀ ಬೈಯುತ್ತ ಬಲೆ ಹೆಣೆಯುತ್ತಿದ್ದವನಿಗೆ
ಚೊರ್ ಒಳಗೊಂದು ಎಳೆ ಬೇರೆ ಬಣ್ಣದ್ದು ಕಂಡಿತಂತೆ.
ಕಂಡಿತು ಅಂತಲೇ ಅಂದ, ಕೇಳಿತು ಅನ್ನಲಿಲ್ಲ.

ಶಾಣೂ ಬದುಕಿದ್ದಾನೆ.
ಇವನೊಂದಿಗೆ ಮಾತಿಲ್ಲ.

ಪುಂಡಲೀಕ ಬಹಳ ಹೊತ್ತು ನೆಲ ನೋಡಿದ. ಆಮೇಲೆ,
'ನಿಲ್ಲಿಸಬೇಕಾದ ಜಾಗಕ್ಕೆ ಒಂದು ಚುಕ್ಕಿ ಇಟ್ಟುಕೊಡು ಬಾಯೀ,
ಉಗುರಿನ ಬಣ್ಣದ್ದು, ಕೆಂಪು. ಕತ್ತಲಲ್ಲೂ ಕಾಣಬೇಕು.'

ಇಡಬಹುದು. ನಾಳೆಗೆ ಸುಳ್ಳಾಗುತ್ತದೆ.
ಗುಡುಗಿದ ದಿನ ಹೊಸ್ತಿಲೇ ಬೇರೆ,
ಬಂದರಿನಲ್ಲಿ ಒಂದು, ಹನ್ನೆರಡು ಮಾರು ನೀರಲ್ಲಿ ಇನ್ನೊಂದು.
ದಿನಾ ಎಡಕ್ಕೆ ಹೋಗಬೇಕು ಮಾರಾಯ,
ಚೊರ್ ಪೂರ್ತಿ ಕೇಳಿಯೇ ವಾಪಸು ಬರಬೇಕು.

ಸೆಟ್ಟು ಮೇಜಿನ ಮೇಲಿತ್ತು.
ಎಡಕ್ಕೆ ತಿರುಗಿಸಿದ.
ಅಂಗಡಿ ತುಂಬಾ ಎಣ್ಣೆ ಕಾದಿತು.
ಬಲಕ್ಕೆ ತಿರುಗಿಸುತ್ತಾನೆಂದು ಕಾದೆ,
ತಿರುಗಿಸಲಿಲ್ಲ. ತಲೆ ಓರೆ ಮಾಡಿ ಹಾಗೇ ಕೂತ,
ಕೈಲಿದ್ದ ಬೀಡಿ ಹಚ್ಚುವುದನ್ನೂ ಮರೆತು.

ಎರಡು ಚಹಾ ಹೇಳಿಕಳಿಸಿದೆ.
ಇನಾಸ ಇವತ್ತಿಗೂ ದುರಸ್ತಿಗೆ ತಂದಿಲ್ಲ.