ಎರಡು ನಾಣ್ಯ

ಇಳಿಸಲು ಮೂವರು ಬೇಕಾಯಿತು.
ಎರಕದ ಕಬ್ಬಿಣ, ಹತ್ತು ಪಕ್ಕೆಲುಬು,
ಮೆಟ್ಟಿಲಿಗೊಂದು ಬೈಗುಳ.
ನಟ್ಟು ಜಪ್ಪಯ್ಯ ಅಂದರೂ ಅಲ್ಲಾಡದಾಗ
ಕಾಸಿಮಿರ್ ಅದರ ಕುತ್ತಿಗೆಗೆ ಬೆಂಕಿ ಹಿಡಿದ.
ಬಣ್ಣ ಸುಲಿಯಿತು: ಬೆಳ್ಳಿಯಡಿ ಹಸಿರು,
ಹಸಿರಿನಡಿ ಗುಲಾಬಿ.
'ಕೂಸಿನ ಕೋಣೆಯಾಗಿತ್ತಾ ಇದು?'
ಲೆಯೊಕಾಡಿಯಾ ಕಾಫಿಗೆ ನೀರಿಟ್ಟಳು.

ಹಿಂದೆ ಸಿಕ್ಕಿದ್ದು ಅಂಗೈಯಗಲದ ಒಂಟಿ ಕೈಗವಸು,
ಕಾಲಡಿ ಎರಡು ತಾಮ್ರದ ನಾಣ್ಯ,
ಮುಖ ಅಳಿಸಿಹೋದವು.
ಕೆಲಸದ ಹುಡುಗ ಗುಡಿಸಿ ಕಿಟಕಿಯಲ್ಲಿಟ್ಟ.
ಹೊಸ ರೇಡಿಯೇಟರು ನೆಟ್ಟಗೆ ನಿಂತಿತು,
ಮಟ್ಟಗೋಲಿನ ಗುಳ್ಳೆ ನಟ್ಟನಡುವೆ.

ರಾತ್ರಿ ಸರೋವರದ ಗಾಳಿ
ಬಫಲೋದ ಮಾಡುಗಳನ್ನು ಕೆರೆಯುವಾಗ
ನೆಲಮಾಳಿಗೆಯ ಬಾಯ್ಲರು ಕೆಮ್ಮಿತು. ಉಗಿ ಏರಿತು.
ಆಮೇಲೆ ಠಣ್.
ಠಣ್ ಠಣ್.
ಆರಿ ನೀರಾದ ಉಗಿ
ಇಳಿಯಲು ಇಳಿಜಾರಿಲ್ಲದೆ
ಕೊಳವೆಗೆ ತಲೆ ಚಚ್ಚಿಕೊಳ್ಳುತ್ತಿತ್ತು.
ಕೆಳಮನೆಯ ಮುದುಕ ಪೊರಕೆಯಿಂದ ಸೂರು ಕುಟ್ಟಿದ.

ಎದ್ದಳು. ಮಂಜುಗಡ್ಡೆ ಒಡೆಯುವ ಹಾರೆ ತಂದು
ದೂರದ ತುದಿಯನ್ನು ಕೂದಲೆಳೆಯಷ್ಟು ಮೀಟಿ,
ಕಾಲಿಗೊಂದರಂತೆ
ಹಳೆಯ ನಾಣ್ಯ ತಳ್ಳಿದಳು.
ಯಾರಿಟ್ಟಿದ್ದರೋ, ಲೆಕ್ಕ ಬಲ್ಲವರು.

ಗುಳುಗುಳು.
ಬಹಳ ಹೊತ್ತು ಏನಿಲ್ಲ.
ಕವಾಟದಿಂದ ಒಂದು ಸಣ್ಣ ಸೀಟಿ.

ಸಿಂಕಿನಲ್ಲಿ ಕೈಗವಸು ಒಗೆದು, ಹಿಂಡಿ,
ಬಿಸಿ ಪಕ್ಕೆಗಳ ಮೇಲೆ ಹರವಿದಳು,
ಬೆಳಿಗ್ಗೆ ಯಾರಿಗೋ
ಬೇಕಾಗುತ್ತದೆ ಎಂಬಂತೆ.